ಆಡು

ಆಟಕ್ಕೆ ಹೆಸರಿಟ್ಟವಳು ನಾನೇ: ಆಡು.
ಒಂದು ಕರಿ ಆಡು, ಬಳ್ಳಾರಿ ಗುಡ್ಡದ ಬಂಡೆಯಿಂದ ಬಂಡೆಗೆ ಹಾರುತ್ತ
ಬಿಸಿಲೇರುವುದರೊಳಗೆ ತುದಿ ಮುಟ್ಟಬೇಕು.
ಅಷ್ಟೇ ಕತೆ.

ಶನಿವಾರ ನಾಲ್ಕಕ್ಕೆ ಕ್ಲಾಸು.
ಕೌಲ್‌ಬಜಾರಿನ ನಮ್ಮ ಮಾಳಿಗೆ ಮೇಲೆ, ಟ್ಯಾಂಕಿನ ನೆರಳಲ್ಲಿ,
ಎರಡು ಗೀಟು ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ
ಚಾಪೆ ಹಾಸಿ ಕೂತರೆ ಪರದೆಯೊಳಗೆ ನಾಲ್ಕು ಚೌಕ:
ಕಿನ್ನಾಳದ ಹುಲಿಗೆಮ್ಮ, ಬೆನ್ನ ಹಿಂದೆ ಇನ್ನೂ ಬಣ್ಣ ಕಾಣದ ಮರದ ಗಿಳಿ;
ಹಟ್ಟಿ ಕ್ಯಾಂಪಿನ ಇಮ್ತಿಯಾಜ್,
ಶಿಫ್ಟಿನ ಸೈರನ್ ಕೂಗಿದರೆ ಮಾತು ಅರ್ಧಕ್ಕೆ ಬಿಟ್ಟು ಕಾಯುವವನು;
ಕುರುಗೋಡಿನ ಗಾದಿಲಿಂಗ, ಬರೀ ಕಪ್ಪು,
ಮೈಕಿನ ಮೇಲೊಂದು ಕೆಂಪು ಗೀರು.
ನಾಲ್ಕನೆಯವಳು ನಾನು, ಸುಂಕಮ್ಮ. ಟೀಮ್ ಲೀಡರ್.
ಮೇಡಂ ಚೀಟಿ ಎತ್ತಿದ್ದರು, ನನ್ನ ಹೆಸರು ಬಂದಿತ್ತು.
ಗೆದ್ದೆನೆಂದೇ ತಿಳಿದಿದ್ದೆ.

ಹುಲಿಗೆಮ್ಮ ಬರೆದ ಬಂಡೆ ಹಿಡಿಸಲಿಲ್ಲ,
ರಾತ್ರಿ ಅಳಿಸಿ ನಾನೇ ಬರೆದೆ.
ಇಮ್ತಿಯಾಜ್ ಮಾಡಿದ ಸದ್ದು ದಪ್ಪವೆಂದು ತೆಗೆದೆ.
ಗಾದಿಲಿಂಗನಿಗೆ ಕೆಲಸವನ್ನೇ ಕೊಡಲಿಲ್ಲ.
ಮಾತಾಡದವನಿಗೆ ಏನು ಕೊಡುವುದು?
ಮೂರು ರಾತ್ರಿ. ಕಣ್ಣು ಕೆಂಡ.
ಆಡು ಹಾರುತ್ತಿತ್ತು. ಬೀಳುತ್ತಿತ್ತು.
ಮತ್ತೆ ಹಾರಿ, ಮತ್ತೆ ಅಲ್ಲೇ ಬೀಳುತ್ತಿತ್ತು.

ಮುಂದಿನ ಶನಿವಾರ ಮೂರೂ ಚೌಕ ಕಪ್ಪು.
"ಕೇಳಿಸ್ತೈತಾ?" ಅಂದೆ.
ಕೇಳಿಸುತ್ತಿತ್ತು ಅವರಿಗೆ. ಅದೇ ತೊಂದರೆ.

ಅವ್ವ ಯೂನಿಟ್ಟಿನಿಂದ ಬಂದು ಬೆರಳ ನೀಲಿ ತೊಳೆಯುತ್ತಿದ್ದಳು.
ಜೀನ್ಸಿನ ನೀಲಿ ಹೋಗುವುದಲ್ಲ, ತೊಳೆಯುವುದೊಂದು ಚಟ.
ಎಲ್ಲ ಹೇಳಿಕೊಂಡೆ. ಸಮಾಧಾನ ಹೇಳಲಿಲ್ಲ ಆಕೆ.
"ಹದಿನೇಳು ವರ್ಷಾತು, ನಾ ಬರೇ ಲೂಪ್ ಹಚ್ಚಾಕಿ.
ಜೇಬು ಈರಮ್ಮಂದು, ಜಿಪ್ಪು ಖೈರುನಂದು.
ಒಂದಿನ ಹುಕಿ ಬಂದು ಜಿಪ್ಪೂ ನಾನೇ ಹಚ್ಚಿದೆ.
ಆ ಪ್ಯಾಂಟು ಯಾರ ತೊಡಿಗೂ ಏರಲಿಲ್ಲ.
ಖೈರುನ ಎರಡು ದಿನ ಮಾತು ಬಿಟ್ಲು.
ಮೂರನೇ ದಿನ ಹೋಗಿ ಸೂಜಿ ಕೇಳಿದೆ."
ಕೈ ಒರೆಸಿಕೊಂಡಳು.
"ಸೂಜಿ ನನ್ನ ಹಂತ್ಯಾಕ ಇತ್ತು."

ಆ ರಾತ್ರಿ ಗಾದಿಲಿಂಗನಿಗೆ ಬರೆದೆ: ಆಡು ಯಾಕ ಬೀಳತೈತಿ?
ಬಹಳ ಹೊತ್ತು ಮೂರು ಚುಕ್ಕಿ ಕುಣಿದವು.
"ಅಣ್ಣನ ಫೋನು, ಮೈಕ್ ಕೆಟ್ಟೈತಿ.
ನಮ್ಮನ್ಯಾಗ ಇಪ್ಪತ್ತಾರು ಅದಾವು.
ಆಡು ಹಂಗ ಹಾರಂಗಿಲ್ಲ. ಮೊದಲು ನಿಲ್ಲತೈತಿ.
ಮುಂಗಾಲು ಮಡಚತೈತಿ.
ನೋಡಿ ಹಾರತೈತಿ, ಹಾರಿ ನೋಡಂಗಿಲ್ಲ."

ನಾನು ಅದನ್ನು ನಿಲ್ಲಿಸಿಯೇ ಇರಲಿಲ್ಲ,
ಒಂದು ಕ್ಷಣವೂ, ಯಾವ ಬಂಡೆಯ ಮೇಲೂ.

ಕಾಲು ಅವನಿಗೆ ಕೊಟ್ಟೆ. ಸದ್ದು ವಾಪಸು ಕೇಳಿದೆ.
"ಅಬ್ಬಾ ಕೆಳಗಿದ್ದಾಗ ಬಂಡೆ ಒಡೆಯೋ ಸದ್ದದು,
ಕಿವಿಗಲ್ಲ, ಪಾದಕ್ಕ ಕೇಳಿಸಬೇಕು" ಅಂದ ಇಮ್ತಿಯಾಜ್.
ಹುಲಿಗೆಮ್ಮ ಬೇಗ ಬಗ್ಗಲಿಲ್ಲ.
ಒಂದು ವಾರ ಬಿಟ್ಟು ಬಂಡೆ ಕಳಿಸಿದಳು,
ಗೊರಸು ಊರಲು ಹಲ್ಲಿನಂಥ ಮೆಟ್ಟಿಲಿದ್ದದ್ದು ಈಗ ಕಂಡಿತು ನನಗೆ.
ಕೆಳಗೊಂದು ಸಾಲು:
ಇನ್ನ ಅಳಿಸೋದಾದ್ರ ಕೇಳಿ ಅಳಿಸು.

ಆಟ ತೋರಿಸುವ ದಿನ, ಮೂರೂ ಐವತ್ತಕ್ಕೆ ಕರೆಂಟು ಹೋಯಿತು.
ಸಿಗ್ನಲ್ಲೂ ಅದರ ಹಿಂದೆಯೇ.
ಮಾಳಿಗೆಯಿಂದ ಬೀದಿಗೆ, ಬೀದಿಯಿಂದ ಮೆಡಿಕಲ್ ಶಾಪಿಗೆ,
ಗುರುತಿಲ್ಲದವರ ಹಾಟ್‌ಸ್ಪಾಟಿಗೆ ಕೈಯೊಡ್ಡಿ ಒಳ ಹೊಕ್ಕಾಗ
ನಾಲ್ಕೂ ಇಪ್ಪತ್ತು.
ಯಾವುದೋ ಹೊಸ ದನಿ ಮಾತಾಡುತ್ತಿತ್ತು, ಒರಟು, ಸ್ವಲ್ಪ ನಡುಗುತ್ತ:
"ಇಲ್ಲಿ ನಿಲ್ಲತೈತಿ ನೋಡ್ರಿ ಮೇಡಂ, ಅವಸರ ಮಾಡಬ್ಯಾಡ್ರಿ."
ಯಾರದೋ ಇಯರ್‌ಫೋನು ಕಡ ತಂದಿದ್ದ ಗಾದಿಲಿಂಗ.
ನಾನು ಬಾಯಿಪಾಠ ಮಾಡಿದ್ದ ಮಾತು ಯಾವುದಕ್ಕೂ ಬೇಕಾಗಲಿಲ್ಲ.
ಖುಷಿಯೇ ಆಯಿತು. ಸುಳ್ಳೇಕೆ,
ಅನ್ನದಲ್ಲಿ ಹರಳು ಸಿಕ್ಕ ಹಾಗೆ ಇನ್ನೊಂದೂ ಆಯಿತು.

"ಈ ಟೀಮಿಗೆ ಲೀಡರ್ ಯಾರು?" ಮೇಡಂ ಕೇಳಿದರು.
"ಕರೆಂಟ್ ಹೋಗೈತ್ರಿ" ಅಂದಳು ಹುಲಿಗೆಮ್ಮ. "ಬರತಾಳ."

ಬಂದಿದ್ದೆ. ಮೈಕು ಒತ್ತಲಿಲ್ಲ.
ಪರದೆಯಲ್ಲಿ ಕರಿ ಆಡು
ಮುಂಗಾಲು ಮಡಚಿ ನಿಂತಿತ್ತು,
ಎದುರಿನ ಬಂಡೆಯನ್ನೇ ನೋಡುತ್ತ.